ಮೂಳೆಯೊಳಗೇ ಕರಗಿ ಹೋಗುವ ಸ್ಕ್ರೂ: ನಮ್ಮ ಕೊಡಗಿನವರಿಗೆ ಎಷ್ಟು ಉಪಯೋಗ?

ವಿರಾಜಪೇಟೆ_ಲೋಹ

ಈ ಗುಂಪಿನಲ್ಲಿ ಪ್ಲೇಟ್ ತೆಗೆಸುವುದು, ರಾಡ್ ತೆಗೆಸುವುದರ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಹಾಕಿ ಆಡುವಾಗ ಕಣಕಾಲು ಮುರಿದುಕೊಂಡವರು, ಮಳೆಗಾಲದ ರಸ್ತೆಯಲ್ಲಿ ಬೈಕ್ ಜಾರಿದವರು. ಮೂಳೆ ಕೂಡಿತು ಅಂತ ಮನೆಯವರು ಸಮಾಧಾನಪಡುವ ಹೊತ್ತಿಗೆ ಎರಡನೇ ಆಪರೇಷನ್ ಮಾತು ಬರುತ್ತದೆ. ಮತ್ತೆ ಮೈಸೂರೋ ಮಂಗಳೂರೋ, ಮತ್ತೆ ಅರಿವಳಿಕೆ, ಮತ್ತೆ ಕೂಲಿ ಇಲ್ಲದ ವಾರಗಳು.

ನಾನು ಮಿಶ್ರಲೋಹಗಳ ಮೇಲೆ ಕೆಲಸ ಮಾಡುವವಳು. ಈ ಎರಡನೇ ಆಪರೇಷನ್ ತಪ್ಪಿಸಲೆಂದೇ ಜಗತ್ತಿನಲ್ಲಿ ಬಹಳ ಜನ ದುಡಿಯುತ್ತಿದ್ದಾರೆ. ಮೂಳೆ ಕೂಡುವವರೆಗೆ ಗಟ್ಟಿಯಾಗಿ ಹಿಡಿದಿರಬೇಕು, ಆಮೇಲೆ ಮೈಯೊಳಗೇ ಕರಗಿ ಹೋಗಬೇಕು, ಅಂಥ ಲೋಹ ಬೇಕು. ಇದಕ್ಕೆ ಮೂರು ಲೋಹಗಳನ್ನು ಮುಖ್ಯವಾಗಿ ನೋಡುತ್ತಿದ್ದಾರೆ: ಮೆಗ್ನೀಸಿಯಂ, ಸತು, ಕಬ್ಬಿಣ. ಮೂರೂ ನಮ್ಮ ಮೈಯಲ್ಲಿ ಈಗಾಗಲೇ ಇವೆ. ದೊಡ್ಡವರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಳೆಯಲ್ಲೇ. ಕಬ್ಬಿಣ 3ರಿಂದ 4 ಗ್ರಾಂ. ಸತು ಸುಮಾರು 2 ಗ್ರಾಂ.

ಮೂಳೆ ಕೆಲಸಕ್ಕೆ ಮೆಗ್ನೀಸಿಯಂ ಮುಂದಿದೆ. ಒಂದು ಕಾರಣ ಅದರ ಬಿಗಿತ, ಅಂದರೆ ಭಾರ ಬಿದ್ದಾಗ ಬಾಗದೆ ತಡೆಯುವ ಗುಣ. ಅದನ್ನು ಅಳೆಯುವ ಮಾನ ಗಿಗಾಪಾಸ್ಕಲ್. ನಮ್ಮ ಗಟ್ಟಿ ಮೂಳೆಯ ಬಿಗಿತ 10ರಿಂದ 30 ಗಿಗಾಪಾಸ್ಕಲ್. ಸ್ಟೀಲಿನದು ಸುಮಾರು 200, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಮೆಗ್ನೀಸಿಯಂನದು 45. ಸ್ಟೀಲ್ ಪ್ಲೇಟ್ ಮೂಳೆಗಿಂತ ಎಷ್ಟೋ ಪಟ್ಟು ಬಿಗಿ ಇರುವುದರಿಂದ ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ. ಕೆಲಸ ಇಲ್ಲದ ಮೂಳೆ ಸೊರಗುತ್ತದೆ. ಮೆಗ್ನೀಸಿಯಂ ಮೂಳೆಯ ಜೊತೆ ಭಾರ ಹಂಚಿಕೊಳ್ಳುತ್ತದೆ.

ಈ ಯೋಚನೆ ಹೊಸದಲ್ಲ. 1878ರಲ್ಲೇ ಎಡ್ವರ್ಡ್ ಹ್ಯೂಸ್ ಎಂಬ ಅಮೆರಿಕದ ವೈದ್ಯ ರಕ್ತನಾಳ ಕಟ್ಟಲು ಮೆಗ್ನೀಸಿಯಂ ತಂತಿ ಬಳಸಿದ. 1906ರಲ್ಲಿ ಬೆಲ್ಜಿಯಂನ ಆಲ್ಬಿನ್ ಲ್ಯಾಂಬೊಟ್ ಮುರಿದ ಕಾಲಿಗೆ ಮೆಗ್ನೀಸಿಯಂ ಪ್ಲೇಟ್ ಹಾಕಿದ. ಆದರೆ ಅದನ್ನು ಬಿಗಿಯಲು ಚಿನ್ನದ ಲೇಪದ ಸ್ಟೀಲ್ ಮೊಳೆ ಬಳಸಿದ್ದ. ಎಂಟೇ ದಿನದಲ್ಲಿ ಪ್ಲೇಟ್ ಪುಡಿಯಾಯಿತು, ಚರ್ಮದ ಕೆಳಗೆ ಗ್ಯಾಸ್ ತುಂಬಿಕೊಂಡಿತು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಲಿ ಬ್ಯಾಟರಿಯೇ ಆಗಿಬಿಡುತ್ತದೆ. ಮೆಗ್ನೀಸಿಯಂ ಬೇಗ ಸವೆದು ಹೋಗುತ್ತದೆ.

ನೂರು ವರ್ಷ ಕಳೆದರೂ ಪ್ರಶ್ನೆ ಅದೇ. ಲೋಹ ಕರಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದರ ವೇಗ ನಮ್ಮ ಕೈಯಲ್ಲಿ ಇರಬೇಕು, ಕಷ್ಟ ಇರುವುದು ಅಲ್ಲೇ. ಕೇಳಬೇಕಾದ್ದು ಇದ್ದರೆ ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.

ಅಮ್ಮತ್ತಿ_ತೋಟಗಾರ

ಓದಿ ತುಂಬಾ ಖುಷಿಯಾಯಿತು. ನಾವು ಹೊಸ ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುತ್ತೇವಲ್ಲ, ಅದೇ ಲೆಕ್ಕ. ಬಳ್ಳಿಯ ಬೇರು ಮರಕ್ಕೆ ಅಂಟುವ ತನಕ ದಾರ ಬೇಕು. ಆಮೇಲೆ ಅದು ಕೊಳೆತು ಹೋದರೇ ಒಳ್ಳೆಯದು. ಪ್ಲಾಸ್ಟಿಕ್ ದಾರ ಕಟ್ಟಿದರೆ ಮತ್ತೆ ಏಣಿ ಹತ್ತಿ ಬಿಚ್ಚಬೇಕು, ಇಲ್ಲದಿದ್ದರೆ ಬಳ್ಳಿಯನ್ನೇ ಕೊಯ್ಯುತ್ತದೆ.

ನಮ್ಮ ತೋಟದ ಕೆಲಸದವರು ಒಬ್ಬರು ಏಣಿಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಒಳಗೆ ಉದ್ದದ ರಾಡ್ ಇದೆ. ಅಂಥವರಿಗೆ ಇದು ಸಿಗುತ್ತದೆಯೇ?

ವಿರಾಜಪೇಟೆ_ಲೋಹ

ದಾರದ ಮಾತು ಸರಿಯಾಗಿ ಹಿಡಿದಿರಿ. ಆದರೆ ತೊಡೆ ಮೂಳೆಗೆ ಈಗ ಇಲ್ಲ. ಅಲ್ಲಿ ಬೀಳುವ ಭಾರ ಬಹಳ. ನಡೆಯುವಾಗ ಲಕ್ಷಗಟ್ಟಲೆ ಸಲ ಬಾಗಿ ನೆಟ್ಟಗಾಗುವ ರಾಡ್ ಅದು. ಸವೆಯುತ್ತಿರುವ ಲೋಹದ ಮೇಲೆ ಹಾಗೆ ಮತ್ತೆ ಮತ್ತೆ ಭಾರ ಬಿದ್ದರೆ ಸಣ್ಣ ಬಿರುಕು ಬೇಗ ಬೆಳೆಯುತ್ತದೆ. ಮೂಳೆ ಕೂಡುವ ಮೊದಲೇ ಮುರಿಯಬಹುದು. ಅಂಥ ಕಡೆ ಟೈಟಾನಿಯಂ ಅಥವಾ ಸ್ಟೀಲೇ ಸರಿ.

ನಾಪೋಕ್ಲು_ಅಮ್ಮ

ನನಗೆ ಲೋಹದ ವಿಷಯ ಗೊತ್ತಿಲ್ಲ, ಭಯ ಮಾತ್ರ ಇದೆ. ಮೈಯೊಳಗೆ ತುಕ್ಕು ಹಿಡಿದರೆ ವಿಷ ಆಗುವುದಿಲ್ಲವೇ? ಗ್ಯಾಸ್ ತುಂಬಿತು ಅಂತ ನೀವೇ ಬರೆದಿದ್ದೀರಿ. ಮಕ್ಕಳಿಗೆ ಹಾಕುವುದು ಅಂದರೆ ಸುಮ್ನೆ ನಂಬಿ ಬಿಡಲು ಆಗುತ್ತದೆಯೇ?

ವಿರಾಜಪೇಟೆ_ಲೋಹ

ನಂಬಬೇಡಿ, ಲೆಕ್ಕ ಹಾಕೋಣ.

ಮೆಗ್ನೀಸಿಯಂ ನೀರಿನ ಜೊತೆ ಸೇರಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಜೊತೆಗೆ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಆ ಹೈಡ್ರಾಕ್ಸೈಡ್ ನಮಗೆ ಹೊಸದಲ್ಲ. ಎದೆಯುರಿಗೆ ಕುಡಿಯುವ ಬಿಳಿ ಔಷಧಿಯಲ್ಲಿ ಇರುವುದು ಅದೇ. ಅದು ಲೋಹದ ಮೇಲೆ ಪದರದ ಹಾಗೆ ಕೂತು ಸ್ವಲ್ಪ ಕಾಪಾಡುತ್ತದೆ. ಆದರೆ ನಮ್ಮ ರಕ್ತದಲ್ಲಿ ಉಪ್ಪಿನ ಕ್ಲೋರೈಡ್ ಇದೆಯಲ್ಲ, ಅದು ಆ ಪದರವನ್ನು ಕರಗಿಸುತ್ತಾ ಹೋಗುತ್ತದೆ. ಆದ್ದರಿಂದ ಸವೆತ ನಿಲ್ಲುವುದಿಲ್ಲ.

ಈಗ ಗ್ಯಾಸ್. ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿ ಕರಗಿದರೆ ಸುಮಾರು ಒಂದು ಲೀಟರ್ ಹೈಡ್ರೋಜನ್ ಬರುತ್ತದೆ. 3 ಮಿಮೀ ದಪ್ಪ, 20 ಮಿಮೀ ಉದ್ದದ ಸ್ಕ್ರೂ ತೆಗೆದುಕೊಳ್ಳಿ. ತೂಕ ಬರೀ ಕಾಲು ಗ್ರಾಂ. ಒಂದು ವರ್ಷದಲ್ಲಿ ಕರಗಿದರೆ ದಿನಕ್ಕೆ ಒಂದು ಮಿಲಿಲೀಟರ್‌ಗಿಂತ ಕಡಿಮೆ ಗ್ಯಾಸ್. ಅಷ್ಟನ್ನು ಸುತ್ತಲಿನ ಮಾಂಸ, ರಕ್ತ ಸಾಗಿಸಿಬಿಡುತ್ತವೆ. ಮೆಗ್ನೀಸಿಯಂ ಲೆಕ್ಕವೂ ಹಾಗೇ. ನಮಗೆ ಊಟದಿಂದ ದಿನಕ್ಕೆ 300ರಿಂದ 400 ಮಿಗ್ರಾಂ ಬೇಕು. ಈ ಸ್ಕ್ರೂ ಇಡೀ ವರ್ಷಕ್ಕೆ ಕೊಡುವುದು 250 ಮಿಗ್ರಾಂ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರಿಗೆ ಮೊದಲೇ ಹೇಳಬೇಕು.

ಅದೇ ಮುಂಗೈಗೆ ಹಾಕುವಂಥ 10 ಸೆಂಮೀ ಉದ್ದದ ಪ್ಲೇಟ್ ಆದರೆ? ಒಂದು ಸೆಂಮೀ ಅಗಲ, ಮೂರೂವರೆ ಮಿಮೀ ದಪ್ಪ ಅಂದುಕೊಂಡರೆ ಸುಮಾರು 6 ಗ್ರಾಂ. ಆರು ಲೀಟರ್ ಗ್ಯಾಸ್! ಅದಕ್ಕೇ ಈಗ ಬಳಕೆಯಲ್ಲಿ ಇರುವುದು ಹೆಚ್ಚಾಗಿ ಸಣ್ಣ ಸ್ಕ್ರೂ, ಪಿನ್‌ಗಳು. ಗಾತ್ರ ಏರಿದಂತೆ ಕಷ್ಟ ಏರುತ್ತದೆ.

ಇನ್ನು ಲೋಹ ಎಷ್ಟು ಶುದ್ಧ ಎಂಬುದರ ಮೇಲೆ ಎಲ್ಲ ನಿಂತಿದೆ. ಶುದ್ಧ ಮೆಗ್ನೀಸಿಯಂನಲ್ಲಿ ಕಬ್ಬಿಣದ ಅಂಶ ದಶಲಕ್ಷದಲ್ಲಿ ಸುಮಾರು 170 ಪಾಲು ದಾಟಿತೋ, ಸವೆತ ಒಮ್ಮೆಲೇ ಏರಿಬಿಡುತ್ತದೆ. ನಿಕ್ಕಲ್ ಇನ್ನೂ ಕೆಟ್ಟದ್ದು, ತಾಮ್ರವೂ ಒಳ್ಳೆಯದಲ್ಲ. ಲ್ಯಾಂಬೊಟ್ ಮೊಳೆಯಿಂದ ಆದದ್ದೇ ಇಲ್ಲಿ ಲೋಹದೊಳಗೆ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಆಗುತ್ತದೆ.

ಮಡಿಕೇರಿ_ಮೂಳೆವೈದ್ಯ

ಒಳ್ಳೆಯ ಚರ್ಚೆ. ಡಾಕ್ಟರ್ ಆಗಿ ಕೆಲವು ಮಾತು ಸೇರಿಸುತ್ತೇನೆ.

ನಾಪೋಕ್ಲು ಅಮ್ಮನವರೇ, ಮಕ್ಕಳ ವಿಷಯದಲ್ಲಿ ಎಲ್ಲ ಮುರಿತಕ್ಕೂ ಇದು ಬೇಕಾಗುವುದಿಲ್ಲ. ಮಗು ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದುಕೊಂಡರೆ ನಾವು ಸಾಮಾನ್ಯವಾಗಿ ತೆಳು ತಂತಿ ಹಾಕುತ್ತೇವೆ. ಅದರ ತುದಿ ಚರ್ಮದ ಹೊರಗೇ ಇರುತ್ತದೆ. ಮೂರು ನಾಲ್ಕು ವಾರಕ್ಕೆ ಓಪಿಡಿಯಲ್ಲೇ ಎಳೆದು ತೆಗೆಯುತ್ತೇವೆ. ಅಲ್ಲಿ ಕರಗುವ ಲೋಹದಿಂದ ಲಾಭವಿಲ್ಲ. ಚರ್ಮದೊಳಗೆ ಹುದುಗಿ ಹೋಗುವ ಸ್ಕ್ರೂ, ಪ್ಲೇಟ್, ಬಾಗುವ ಮೊಳೆ ಇವೆಯಲ್ಲ, ಅಲ್ಲಿ ಲಾಭ ದೊಡ್ಡದು. ಮಕ್ಕಳ ಮೂಳೆ ಬೆಳೆಯುತ್ತಿರುತ್ತದೆ. ಲೋಹದ ಮೇಲೆಯೇ ಮೂಳೆ ಬೆಳೆದುಕೊಂಡರೆ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಬಾಗುವ ಟೈಟಾನಿಯಂ ಮೊಳೆಯನ್ನು ಆರು ತಿಂಗಳಿಂದ ವರ್ಷದೊಳಗೆ ತೆಗೆಯುವುದು ರೂಢಿ.

ಇನ್ನೊಂದು. ಈ ಸ್ಕ್ರೂ ಹಾಕಿದ ಮೇಲೆ ಎಕ್ಸ್‌ರೇಯಲ್ಲಿ ಸುತ್ತಲೂ ಕಪ್ಪು ನೆರಳು ಕಾಣಬಹುದು. ಅದು ಗ್ಯಾಸ್ ಮತ್ತು ಕರಗುತ್ತಿರುವ ಜಾಗ. ವಿಷಯ ಗೊತ್ತಿಲ್ಲದ ಬೇರೆ ಡಾಕ್ಟರ್ ಅದನ್ನು ನೋಡಿ ಸೋಂಕು ಅಂದುಕೊಂಡು ಗಾಬರಿಯಾಗಬಹುದು. ಹಾಕಿಸಿಕೊಂಡವರು ಡಿಸ್ಚಾರ್ಜ್ ಚೀಟಿಯಲ್ಲಿ 'ಮೆಗ್ನೀಸಿಯಂ ಸ್ಕ್ರೂ' ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ನಮ್ಮ ಜಿಲ್ಲೆಯವರು ಒಂದು ಕಡೆ ಆಪರೇಷನ್ ಮಾಡಿಸಿ ಇನ್ನೊಂದು ಕಡೆ ತೋರಿಸುವುದು ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ.

ಗೋಣಿಕೊಪ್ಪ_ಲೆಫ್ಟ್‌ವಿಂಗ್

ಕೊಡವ ಕುಟುಂಬಗಳ ಹಾಕಿ ಟೂರ್ನಿಯಲ್ಲಿ ಆಡುವವನು ನಾನು. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಕರಗುವ ಸ್ಕ್ರೂ ಹಾಕಿದ್ದೇವೆ ಅಂದರು. ಅದು ಇದೇನಾ?

ಮಡಿಕೇರಿ_ಮೂಳೆವೈದ್ಯ

ನಿಮ್ಮ ಚೀಟಿ ನೋಡದೆ ಖಂಡಿತವಾಗಿ ಹೇಳಲಾರೆ. ಆದರೆ ಲಿಗಮೆಂಟ್ ಆಪರೇಷನ್‌ನಲ್ಲಿ 'ಕರಗುವ ಸ್ಕ್ರೂ' ಅಂದರೆ ಸಾಮಾನ್ಯವಾಗಿ ಪಾಲಿಮರ್, ಒಂದು ಬಗೆಯ ಪ್ಲಾಸ್ಟಿಕ್. ಪಾಲಿಲ್ಯಾಕ್ಟಿಕ್ ಆಮ್ಲದಿಂದ ಮಾಡಿದ್ದು. ಅವು ಬಂದು ಬಹಳ ವರ್ಷಗಳಾದವು. ಲೋಹದಷ್ಟು ಬಲ ಇಲ್ಲ, ಬಿಗಿಯುವಾಗಲೇ ತಲೆ ಮುರಿಯುವುದುಂಟು. ಕರಗುವಾಗ ಸುತ್ತಲಿನ ಜಾಗ ಹುಳಿಯಾಗುತ್ತದೆ, ಕೆಲವರಿಗೆ ಊತ ಬರುತ್ತದೆ. ಮೆಗ್ನೀಸಿಯಂ ಕರಗುವಾಗ ಕ್ಷಾರದ ಕಡೆಗೆ ಹೋಗುತ್ತದೆ.

ಕರಗುತ್ತದೆ ಅನ್ನುವುದೊಂದೇ ಗುಣವಾಗುವುದಿಲ್ಲ ಎಂಬುದಕ್ಕೆ ಹೃದಯದ ಕಡೆಯಿಂದ ಒಂದು ಉದಾಹರಣೆ. ರಕ್ತನಾಳ ಮುಚ್ಚದಂತೆ ಒಳಗಿಡುವ ಜಾಲರಿ ಕೊಳವೆಗೆ ಸ್ಟೆಂಟ್ ಅನ್ನುತ್ತೇವೆ. ಅಬಾಟ್ ಕಂಪನಿಯ ಅಬ್ಸಾರ್ಬ್ ಎಂಬ ಪಾಲಿಮರ್ ಸ್ಟೆಂಟ್‌ಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಹಾಕಿದ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮಾಮೂಲಿ ಲೋಹದ ಸ್ಟೆಂಟ್‌ಗಿಂತ ಜಾಸ್ತಿ ಕಂಡುಬಂತು. 2017ರಲ್ಲಿ ಮಾರಾಟವೇ ನಿಂತಿತು. ಆದ್ದರಿಂದ ನಾನು ಉತ್ಸಾಹದಲ್ಲೂ ಒಂದು ಕಾಲು ಹಿಂದಿಟ್ಟೇ ಇರುತ್ತೇನೆ.

ಪೊನ್ನಂಪೇಟೆ_ಡಿಪ್ಲೊಮಾ

ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. ಮೇಡಂ, ಹೊರದೇಶದಲ್ಲಿ ನಿಜವಾಗಿ ಬಳಸುತ್ತಿರುವುದು ಯಾವುವು? ನಮ್ಮ ದೇಶದಲ್ಲಿ ಯಾರಾದರೂ ಮಾಡುತ್ತಿದ್ದಾರೆಯೇ?

ವಿರಾಜಪೇಟೆ_ಲೋಹ

ಜರ್ಮನಿಯ ಹ್ಯಾನೋವರ್‌ನ ಸಿಂಟೆಲಿಕ್ಸ್ ಕಂಪನಿಯ ಮ್ಯಾಗ್ನೆಜಿಕ್ಸ್ ಸ್ಕ್ರೂಗೆ 2013ರಲ್ಲಿ ಯುರೋಪಿನ ಅನುಮತಿ ಸಿಕ್ಕಿತು. ಕಾಲಿನ ಹೆಬ್ಬೆರಳು ಸೊಟ್ಟಗಾಗಿ ಗಂಟು ಬರುತ್ತದಲ್ಲ, ಆ ಆಪರೇಷನ್‌ನಲ್ಲಿ 26 ರೋಗಿಗಳಲ್ಲಿ 13 ಜನರಿಗೆ ಇದನ್ನು, 13 ಜನರಿಗೆ ಟೈಟಾನಿಯಂ ಹಾಕಿ ಹೋಲಿಸಿದರು. ಆರು ತಿಂಗಳಲ್ಲಿ ಎರಡೂ ಸಮ ಬಂದವು. 26 ಅಂದರೆ ಬಹಳ ಸಣ್ಣ ಸಂಖ್ಯೆ, ಅದನ್ನು ಮರೆಯಬಾರದು. ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸತು ಸೇರಿಸಿದ ಸ್ಕ್ರೂಗೆ ಅನುಮತಿ ಕೊಟ್ಟರು. ಕೈ ಮತ್ತು ಮಣಿಕಟ್ಟಿನ ಮುರಿತಗಳಲ್ಲಿ 53 ಪ್ರಕರಣ ನೋಡಿದಾಗ ಒಂದು ವರ್ಷದೊಳಗೆ ಸ್ಕ್ರೂ ಹೋಗಿ ಆ ಜಾಗದಲ್ಲಿ ಮೂಳೆ ಬಂದಿತ್ತು. ಅಮೆರಿಕದಲ್ಲಿ 2023ರಲ್ಲಿ ಫಿನ್ಲೆಂಡಿನ ಬಯೋರೆಟೆಕ್ ಕಂಪನಿಯ ಸ್ಕ್ರೂಗೆ ಅನುಮತಿ ಸಿಕ್ಕಿತು. ಅದು ಕಣಕಾಲಿನ ಮುರಿತಕ್ಕೆ. ಗೋಣಿಕೊಪ್ಪದವರು ಇದನ್ನು ಗಮನಿಸಿ, ಹಾಕಿ ಆಡುವವರಿಗೆ ಹತ್ತಿರದ ವಿಷಯ.

ಜರ್ಮನಿಯದರಲ್ಲಿ ಯಿಟ್ರಿಯಂ ಮತ್ತು ಅದರಂಥ ಅಪರೂಪದ ಭೂಲೋಹಗಳು (ರೇರ್ ಅರ್ತ್) ಇವೆ. ಸವೆತ ತಡೆಯಲು, ಬಲ ಕೊಡಲು ಅವು ಬಹಳ ಒಳ್ಳೆಯವು. ಆದರೆ ನಮ್ಮ ಮೈಗೆ ಅವುಗಳ ಅಗತ್ಯವೇ ಇಲ್ಲ. ಕೊರಿಯಾ, ಫಿನ್ಲೆಂಡಿನವರು ಸತು, ಕ್ಯಾಲ್ಸಿಯಂ ಮಾತ್ರ ಸೇರಿಸಿದ್ದಾರೆ. ನನ್ನ ಮನಸ್ಸು ಈ ಎರಡನೇ ದಾರಿಯ ಕಡೆಗಿದೆ, ಮಕ್ಕಳ ಮೈಗೆ ಹೋಗುವುದಾದರೆ ಇನ್ನೂ. ಕಾರ್ಖಾನೆಗಳಲ್ಲಿ ಬಳಸುವ ಎಝಡ್91 ಎಂಬ ಮಿಶ್ರಲೋಹದಲ್ಲಿ ಸುಮಾರು ಶೇ. 9 ಅಲ್ಯೂಮಿನಿಯಂ ಇರುತ್ತದೆ. ಪ್ರಯೋಗಕ್ಕೆ ಸುಲಭವಾಗಿ ಸಿಗುತ್ತದೆ, ಬೇಕಾದಷ್ಟು ಪ್ರಬಂಧಗಳು ಬಂದಿವೆ. ಆದರೆ ಅಲ್ಯೂಮಿನಿಯಂ ನರಗಳಿಗೆ ಒಳ್ಳೆಯದಲ್ಲ. ಅಂಥದ್ದನ್ನು ಮೈಯೊಳಗೆ ಹಾಕಲು ನಾನು ಒಪ್ಪುವುದಿಲ್ಲ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಹೈದರಾಬಾದಿನಲ್ಲಿ ಹೊಸ ಲೋಹ, ವಸ್ತುಗಳ ಸಂಶೋಧನೆ ಮಾಡುವ ಎಆರ್‌ಸಿಐ ಸಂಸ್ಥೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ಸಂಸ್ಥೆಯ ಜೊತೆ ಸೇರಿ ಕಬ್ಬಿಣ ಮತ್ತು ಮ್ಯಾಂಗನೀಸ್ ಮಿಶ್ರಲೋಹ ಮಾಡಿದೆ. ಬರೀ ಕಬ್ಬಿಣ ತುಂಬಾ ನಿಧಾನ, ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಮ್ಯಾಂಗನೀಸ್ ಶೇ. 29ಕ್ಕಿಂತ ಜಾಸ್ತಿ ಸೇರಿಸಿದಾಗ ಸವೆತ ಚುರುಕಾಗುತ್ತದೆ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ನಮಗೆ ಹತ್ತಿರದ ಸುರತ್ಕಲ್ ಎನ್‌ಐಟಿಕೆಯಲ್ಲೂ ಮೆಗ್ನೀಸಿಯಂ ಮಿಶ್ರಲೋಹಗಳನ್ನು ಒತ್ತಿ, ತಿರುಗಿಸಿ, ಒಳಗಿನ ಕಣ ಸಣ್ಣದು ಮಾಡಿ ಬಲ ಹೆಚ್ಚಿಸುವ ಕೆಲಸ ನಡೆದಿದೆ. ಡಿಪ್ಲೊಮಾ ಮುಗಿಸಿ ಮುಂದೆ ಓದುವ ಮನಸ್ಸಿದ್ದರೆ ಘಟ್ಟ ಇಳಿದರೆ ಸಾಕು.

ಕುಶಾಲನಗರ_ನಿವೃತ್ತಯೋಧ

ಅಯಸ್ಕಾಂತದ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಕಾಲಿನಲ್ಲಿ ಹಳೆಯ ಸ್ಟೀಲ್ ಇದೆ. ಪ್ರತಿ ಸಲ ಎಂಆರ್‌ಐ ಅಂದಾಗ ಹತ್ತು ಪ್ರಶ್ನೆ ಕೇಳುತ್ತಾರೆ. ಮೆಗ್ನೀಸಿಯಂ ಹೇಗೆ?

ವಿರಾಜಪೇಟೆ_ಲೋಹ

ಮೆಗ್ನೀಸಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎಂಆರ್‌ಐ ಚಿತ್ರ ಸ್ಟೀಲಿಗಿಂತ ಎಷ್ಟೋ ಸ್ವಚ್ಛವಾಗಿ ಬರುತ್ತದೆ.

ಅಮ್ಮತ್ತಿ_ತೋಟಗಾರ

ಸತುವಿನ ಬಗ್ಗೆ ಜಾಸ್ತಿ ಹೇಳಲಿಲ್ಲ. ಕಾಫಿಗೆ ಜಿಂಕ್ ಸಲ್ಫೇಟ್ ಸ್ಪ್ರೇ ಮಾಡುವವರು ನಾವು, ಹೆಸರು ಕೇಳಿದರೆ ಕುತೂಹಲ.

ವಿರಾಜಪೇಟೆ_ಲೋಹ

ಸತು ಈ ಮೂವರಲ್ಲಿ ತಡವಾಗಿ ಬಂದದ್ದು. 2013ರಲ್ಲಿ ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದವರು ಇಲಿಯ ದೊಡ್ಡ ರಕ್ತನಾಳದಲ್ಲಿ ಸತುವಿನ ತಂತಿ ಇಟ್ಟು ನೋಡಿದರು. ವರ್ಷಕ್ಕೆ ಹತ್ತಾರು ಮೈಕ್ರಾನ್ ಮಾತ್ರ ಸವೆಯಿತು, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸ್ಟೆಂಟಿನ ಕಡ್ಡಿ ಸುಮಾರು 100 ಮೈಕ್ರಾನ್ ದಪ್ಪ. ಎರಡೂ ಕಡೆಯಿಂದ ಸವೆದರೆ ಕೆಲವೇ ವರ್ಷದಲ್ಲಿ ಮುಗಿಯುತ್ತದೆ. ಹೃದಯದ ನಾಳಕ್ಕೆ ಅದು ಹೊಂದುವ ವೇಗ. ಗ್ಯಾಸ್ ತೊಂದರೆಯೂ ಇಲ್ಲ. ಅದೇ ವೇಗದಲ್ಲಿ 3 ಮಿಮೀ ಸ್ಕ್ರೂ ಕರಗಬೇಕಾದರೆ ಮನುಷ್ಯನ ಆಯುಷ್ಯವೇ ಬೇಕಾದೀತು! ಒಂದು ಲೋಹ ಎಲ್ಲ ಕಡೆಗೂ ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಇನ್ನೊಂದು ತೊಡಕು, ಶುದ್ಧ ಸತು ಮೆತ್ತಗೆ. 420 ಡಿಗ್ರಿಗೇ ಕರಗುವ ಲೋಹ ಅದು, ಮೈಯ ಬಿಸಿಯಲ್ಲೂ ವರ್ಷಗಳಲ್ಲಿ ಗುಣ ಬದಲಾಗುತ್ತದೆ. ಮೆಗ್ನೀಸಿಯಂ, ತಾಮ್ರ, ಲಿಥಿಯಂ ಸ್ವಲ್ಪ ಸೇರಿಸಿ ಬಲ ತರುವ ಪ್ರಯತ್ನ ನಡೆದಿದೆ.

ಸಿದ್ದಾಪುರ_ಸಂಘ

ತೋಟ ಕಾರ್ಮಿಕರ ಜೊತೆ ಕೆಲಸ ಮಾಡುವವನು ನಾನು. ವಿಜ್ಞಾನ ಎಲ್ಲ ಸರಿ, ಬೆಲೆ ಏನು? ಎರಡನೇ ಆಪರೇಷನ್ ಅಂದಾಗ ನಮ್ಮ ಜನ ಮಾಡಿಸುವುದೇ ಇಲ್ಲ. ಪ್ಲೇಟ್ ಚುಚ್ಚುತ್ತಾ ಇದ್ದರೂ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ. ಕೂಲಿ ಬಿಟ್ಟು ಮಲಗಲು ಆಗುವುದಿಲ್ಲ. ಹೆಂಗಸರಂತೂ ಯಾರಿಗೂ ಹೇಳುವುದೇ ಇಲ್ಲ. ಇವರಿಗೆ ಸಿಗದಿದ್ದರೆ ಬೇರೆ ಯಾರಿಗೆ ಸಿಕ್ಕರೂ ನನಗೆ ಅಷ್ಟು ಸಂತೋಷವಿಲ್ಲ.

ಮಡಿಕೇರಿ_ಮೂಳೆವೈದ್ಯ

ನೀವು ಹೇಳಿದ್ದನ್ನು ದಿನವೂ ನೋಡುತ್ತೇನೆ. ಹೊಸ ಇಂಪ್ಲಾಂಟ್ ಟೈಟಾನಿಯಂಗಿಂತ ದುಬಾರಿಯೇ ಇರುತ್ತದೆ. ಆದರೆ ಲೆಕ್ಕ ಹಾಕುವಾಗ ಸ್ಕ್ರೂ ಬೆಲೆಯನ್ನು ಮಾತ್ರ ನೋಡಬಾರದು. ಎರಡನೇ ಆಪರೇಷನ್ ಖರ್ಚು, ಅರಿವಳಿಕೆ, ಬಸ್ಸು, ಜೊತೆಗೆ ಬಂದವರ ಕೂಲಿ, ಎಲ್ಲ ಸೇರಿಸಬೇಕು. ಸರ್ಕಾರದ ಯೋಜನೆಗಳಲ್ಲಿ ಬೆಲೆ ನಿಗದಿ ಮಾಡುವವರು ಈ ಲೆಕ್ಕ ನೋಡಬೇಕು.

ಬೆಲೆಗೆ ಮಿತಿ ಹಾಕಲು ಆಗುವುದಿಲ್ಲ ಅಂತೇನೂ ಇಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗೆ ಮಿತಿ ಹಾಕಿತು. ಬರೀ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೂ ಕರಗುವಂಥದ್ದಕ್ಕೂ 29,600 ರೂಪಾಯಿ. ಅದೇ ವರ್ಷ ಆಗಸ್ಟ್‌ನಲ್ಲಿ ಮೊಣಕಾಲಿನ ಇಂಪ್ಲಾಂಟ್‌ಗೂ ಹಾಕಿತು. ಮೂಳೆಯ ಸ್ಕ್ರೂಗೂ ಕೇಳಬಹುದು ಅಲ್ವಾ?

ಸಿದ್ದಾಪುರ_ಸಂಘ

ಕೇಳುತ್ತೇವೆ. ಈ ಅಂಕಿಗಳನ್ನು ನಮ್ಮ ಸಭೆಯಲ್ಲಿ ಓದುತ್ತೇನೆ.

ಸೋಮವಾರಪೇಟೆ_ವಿಜ್ಞಾನಮೇಷ್ಟ್ರು

ಪಿಯು ಮಕ್ಕಳಿಗೆ ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು ಅನ್ನಿಸುತ್ತಿದೆ. ಲ್ಯಾಬಿನಲ್ಲಿ ಮೆಗ್ನೀಸಿಯಂ ಪಟ್ಟಿ ಇದೆ. ಸುರಕ್ಷಿತವಾಗಿ ಮಾಡುವ ಪ್ರಯೋಗ ಇದೆಯೇ?

ವಿರಾಜಪೇಟೆ_ಲೋಹ

ಇದೆ ಮೇಷ್ಟ್ರೇ. ಪ್ರಯೋಗಾಲಯಗಳಲ್ಲಿ ಸವೆತ ಅಳೆಯುವ ಒಂದು ವಿಧಾನವೇ ಅದು.

ಮೆಗ್ನೀಸಿಯಂ ಪಟ್ಟಿಯನ್ನು ಮರಳು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ. ತೂಕ ನೋಡಿ ಬರೆದಿಡಿ. ಔಷಧಿ ಅಂಗಡಿಯಲ್ಲಿ ಸಿಗುವ ಶೇ. 0.9ರ ಸಲೈನ್ ಬೀಕರಿನಲ್ಲಿ ಹಾಕಿ. ಪಟ್ಟಿಯ ಮೇಲೆ ಆಲಿಕೆ ಬೋರಲು ಹಾಕಿ, ಅದರ ಮೇಲೆ ಸಲೈನ್ ತುಂಬಿದ ಅಳತೆ ಕೊಳವೆಯನ್ನು ತಲೆಕೆಳಗಾಗಿ ನಿಲ್ಲಿಸಿ. ಗುಳ್ಳೆಗಳು ಮೇಲೇರಿ ಕೊಳವೆಯಲ್ಲಿ ಸೇರುತ್ತವೆ. ಮಳೆಗಾಲದಲ್ಲಿ ನಿಮ್ಮ ಲ್ಯಾಬ್ ತಣ್ಣಗಿರುತ್ತದೆ, ಬೀಕರನ್ನು 37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಇಡಿ. ದಿನಕ್ಕೊಮ್ಮೆ ಅಳತೆ ಬರೆಸಿ.

ಒಂದು ಮಿಲಿಲೀಟರ್ ಗ್ಯಾಸ್ ಅಂದರೆ ಸುಮಾರು ಒಂದು ಮಿಗ್ರಾಂ ಲೋಹ ಕರಗಿದೆ ಅಂತ ಲೆಕ್ಕ. ಆದರೆ ಇದು ಮಂಗಳೂರಿನ ಸಮುದ್ರ ಮಟ್ಟಕ್ಕೆ ಸರಿಯಾದದ್ದು. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಅಷ್ಟೇ ಲೋಹಕ್ಕೆ ಗ್ಯಾಸ್ ಸುಮಾರು ಶೇ. 15ರಷ್ಟು ಜಾಸ್ತಿ ಜಾಗ ಹಿಡಿಯುತ್ತದೆ. ಮಕ್ಕಳಿಂದಲೇ ಈ ತಿದ್ದುಪಡಿ ಹಾಕಿಸಿ. ಕೊನೆಗೆ ಪಟ್ಟಿಯನ್ನು ತೊಳೆದು ಒಣಗಿಸಿ ತೂಗಿ, ಎರಡು ಲೆಕ್ಕ ತಾಳೆಯಾಗುತ್ತದೆಯೇ ನೋಡಲಿ.

ಇನ್ನೊಂದು ಬೀಕರಿನಲ್ಲಿ ಅದೇ ಪಟ್ಟಿಗೆ ತಾಮ್ರದ ತಂತಿ ಸುತ್ತಿ ಇಡಿ. ಗುಳ್ಳೆಗಳ ವ್ಯತ್ಯಾಸ ನೋಡಿದರೆ ಲ್ಯಾಂಬೊಟ್ ರೋಗಿಯ ಕಾಲಿನಲ್ಲಿ ಆದದ್ದೇನು ಅಂತ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಎರಡು ಎಚ್ಚರ. ಬರೀ ಸಲೈನ್‌ನಲ್ಲಿ ಬರುವ ವೇಗವೇ ಮೈಯೊಳಗೂ ಇರುತ್ತದೆ ಅಂತ ಹೇಳಬೇಡಿ. ರಕ್ತದಲ್ಲಿ ಫಾಸ್ಫೇಟ್, ಕಾರ್ಬೋನೇಟ್, ಪ್ರೋಟೀನ್ ಇವೆ, ಅವು ಲೋಹದ ಮೇಲೆ ಪದರ ಕಟ್ಟಿ ಸವೆತವನ್ನು ತಗ್ಗಿಸುತ್ತವೆ. ಸಂಗ್ರಹವಾದ ಗ್ಯಾಸಿಗೆ ಯಾರೂ ಬೆಂಕಿ ಹಿಡಿಯಬಾರದು, ಕಿಟಕಿ ತೆರೆದೇ ಇರಲಿ.

ಸೋಮವಾರಪೇಟೆ_ವಿಜ್ಞಾನಮೇಷ್ಟ್ರು

ತಾಮ್ರದ ತಂತಿ ಇದೆ, ಅಳತೆ ಕೊಳವೆಯೂ ಇದೆ. ಸೋಮವಾರವೇ ಶುರು ಮಾಡಿಸುತ್ತೇನೆ. ಮಕ್ಕಳ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.